ಅರಸನಿಗೆ ಎರಡನೆಯ ಮಣ್ಣು
ಇಂಗ್ಲೆಂಡಿನ ದೊರೆ ಮೂರನೆಯ ರಿಚರ್ಡ್ 1485ರ ಆಗಸ್ಟ್ 22ರಂದು ಬಾಸ್ವರ್ತ್ ಕಾಳಗದಲ್ಲಿ ಹತನಾದಾಗ ಅವನ ವಯಸ್ಸು 32. ರಣರಂಗದಲ್ಲಿ ಮಡಿದ ಆ ದೇಶದ ಕೊನೆಯ ಅರಸ ಅವನೇ. ಗೆದ್ದವರು ಶವವನ್ನು ಲೆಸ್ಟರ್ ನಗರಕ್ಕೆ ಹೊತ್ತೊಯ್ದು ಜನರಿಗೆ ತೋರಿಸಿದರು. ಬಳಿಕ ಅಲ್ಲಿನ ಫ್ರಾನ್ಸಿಸ್ಕನ್ ಸನ್ಯಾಸಿಗಳ ಮಠದಲ್ಲಿ ಅದನ್ನು ಮಣ್ಣು ಮಾಡಲಾಯಿತು. ಎಂಟನೆಯ ಹೆನ್ರಿಯ ಕಾಲದಲ್ಲಿ ಮಠ ನೆಲಸಮವಾಯಿತು, ಸಮಾಧಿಯ ಗುರುತೂ ಅಳಿಸಿಹೋಯಿತು. ಮೂಳೆಗಳನ್ನು ಹೊಳೆಗೆ ಎಸೆದರೆಂಬ ಕಥೆಯೂ ಹುಟ್ಟಿಕೊಂಡಿತು. 2012ರಲ್ಲಿ ಲೆಸ್ಟರ್ ವಿಶ್ವವಿದ್ಯಾಲಯದ ಪುರಾತತ್ವಜ್ಞರು ವಾಹನ ನಿಲುಗಡೆಯ ಜಾಗವೊಂದನ್ನು ಅಗೆದಾಗ ಪಾದಗಳಿಲ್ಲದ ಅಸ್ಥಿಪಂಜರವೊಂದು ಸಿಕ್ಕಿತು. ಅದರ ಬೆನ್ನೆಲುಬು ಪಕ್ಕಕ್ಕೆ ಬಾಗಿತ್ತು, ತಲೆಬುರುಡೆಯಲ್ಲಿ ಆಯುಧದ ಪೆಟ್ಟುಗಳಿದ್ದವು. ತಾಯಿಯಿಂದ ಮಕ್ಕಳಿಗೆ ಬರುವ ಮೈಟೋಕಾಂಡ್ರಿಯಾ ಡಿಎನ್‌ಎ ರಿಚರ್ಡನ ಅಕ್ಕನ ಹೆಣ್ಣುಸಂತತಿಯ ವಂಶಸ್ಥರದರೊಂದಿಗೆ ಹೊಂದಿಕೆಯಾಯಿತು. 2013ರ ಫೆಬ್ರುವರಿ 4ರಂದು ಇವು ಅರಸನ ಅವಶೇಷಗಳೇ ಎಂದು ಘೋಷಿಸಲಾಯಿತು. ಆದರೆ ಮರುಸಮಾಧಿ ಎಲ್ಲಿ ಎಂಬ ವ್ಯಾಜ್ಯ ಎದ್ದಿತು. ಅದು ಯಾರ್ಕ್‌ನಲ್ಲಿ ಆಗಲಿ ಎಂದು ಬಯಸಿದ ಗುಂಪೊಂದು ಹೈಕೋರ್ಟ್ ಮೆಟ್ಟಿಲೇರಿತು. 2014ರ ಮೇ ತಿಂಗಳಲ್ಲಿ ಅದರ ಅರ್ಜಿ ವಜಾ ಆಯಿತು. 2015ರ ಮಾರ್ಚ್ 22ರಂದು ಮೂಳೆಗಳನ್ನಿರಿಸಿದ ಓಕ್ ಮರದ ಪೆಟ್ಟಿಗೆಯ ಮೆರವಣಿಗೆ ಬಾಸ್ವರ್ತ್ ಮೂಲಕ ಲೆಸ್ಟರ್ ತಲುಪಿತು. ಮಾರ್ಚ್ 26ರಂದು ಅಲ್ಲಿನ ಕೆಥೆಡ್ರಲ್‌ನಲ್ಲಿ, ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಸಮ್ಮುಖದಲ್ಲಿ ಅಂತ್ಯವಿಧಿ ನಡೆಯಿತು. ಈಗ ಆಳವಾದ ಶಿಲುಬೆ ಕೊರೆದ ತಿಳಿಬಣ್ಣದ ಕಲ್ಲೊಂದು, ಕಪ್ಪು ಪೀಠದ ಮೇಲೆ, ಸಮಾಧಿಯನ್ನು ಗುರುತಿಸುತ್ತದೆ. ಸಾವಿಗೂ ಈ ಎರಡನೆಯ ಮಣ್ಣಿಗೂ ನಡುವಿನ ಅಂತರ ಸುಮಾರು 530 ವರ್ಷ.