ಯಕೃತ್ತಿನ ಕಾವಲಿಗೆ ವಿಟಮಿನ್ ಸಾಕೆ?

ಕ್ಷಯರೋಗದ ಔಷಧಗಳೊಡನೆ ಪಿರಿಡಾಕ್ಸಿನ್, ಅಂದರೆ ಬಿ6 ವಿಟಮಿನ್ ಮಾತ್ರೆಯನ್ನೂ ವೈದ್ಯರು ಕೊಡುವುದುಂಟು. ಯಕೃತ್ತು ಕೆಡದಿರಲೆಂದೇ ಅದನ್ನು ಕೊಟ್ಟಿದ್ದಾರೆಂದು ಮನೆಯವರು ಭಾವಿಸುವುದು ಸಹಜ. ವಾಸ್ತವ ಬೇರೆ. ಐಸೋನಿಯಾಜಿಡ್ ದೇಹದ ಬಿ6ನ್ನು ಕುಂದಿಸುವುದರಿಂದ ಕೈಕಾಲುಗಳು ಜೋಮು ಹಿಡಿಯಬಹುದು. ಆ ಮಾತ್ರೆ ನರಗಳ ರಕ್ಷಣೆಗೆ. ಐಸೋನಿಯಾಜಿಡ್, ರಿಫಾಂಪಿಸಿನ್, ಪೈರಜಿನಮೈಡ್‌ಗಳಿಂದ ಯಕೃತ್ತಿಗೆ ಒದಗಬಹುದಾದ ಹಾನಿಯನ್ನು ಅದು ತಡೆಯದು.

ಸಿ ಮತ್ತು ಇ ವಿಟಮಿನ್‌ಗಳ ಕುರಿತ ನಂಬಿಕೆಗೆ ಕೊಂಚ ಆಧಾರವಿದೆ. ಪ್ಯಾರಾಸಿಟಮಾಲನ್ನು ಯಕೃತ್ತು ಅರಗಿಸುವಾಗ ಅಲ್ಪಾಂಶ ವಿಷವಸ್ತುವಾಗುತ್ತದೆ. ಯಕೃತ್ತಿನಲ್ಲಿಯೇ ಇರುವ ಗ್ಲುಟಾಥಯೋನ್ ಎಂಬ ಉತ್ಕರ್ಷಣ ನಿರೋಧಕವು ಅದನ್ನು ಶಮನಗೊಳಿಸುತ್ತದೆ. ಮಾತ್ರೆ ಮಿತಿಮೀರಿದರೆ ಈ ದಾಸ್ತಾನು ಬರಿದಾಗಿ ಜೀವಕೋಶಗಳು ಸಾಯತೊಡಗುತ್ತವೆ. ಇಲಿಗಳ ಮೇಲಿನ ಪ್ರಯೋಗಗಳಲ್ಲಿ ಈ ವಿಟಮಿನ್‌ಗಳು ಹಾನಿಯನ್ನು ತಗ್ಗಿಸಿದ್ದುಂಟು. ಆದರೆ ಇಲಿಯ ಸಾಕ್ಷ್ಯದಿಂದ ಮನುಷ್ಯನ ವಿಚಾರದಲ್ಲಿ ತೀರ್ಪು ಹೇಳಲಾಗದು. ಆಸ್ಪತ್ರೆಯಲ್ಲಿ ಕೊಡುವ ಪ್ರತಿವಿಷ ಎನ್-ಅಸಿಟೈಲ್‌ಸಿಸ್ಟೀನ್. ಗ್ಲುಟಾಥಯೋನನ್ನು ಮತ್ತೆ ತುಂಬಿಕೊಡುವ ಆ ಔಷಧವು ಮಾತ್ರೆ ನುಂಗಿದ 8 ಗಂಟೆಗಳೊಳಗೆ ದೊರೆತರೆ ಅತ್ಯಂತ ಫಲಕಾರಿ. ಕಿತ್ತಳೆರಸ ಕುಡಿಸಿ ಕಾಯುತ್ತ ಕುಳಿತರೆ ಕಳೆಯುವುದು ಆ ಅಮೂಲ್ಯ ಗಂಟೆಗಳೇ. ವಯಸ್ಕರಿಗೆ ದಿನಕ್ಕೆ 4 ಗ್ರಾಂ ಗರಿಷ್ಠ ಮೇರೆ. 650 ಮಿಲಿಗ್ರಾಂ ಮಾತ್ರೆ ಆರಾದರೆ ಅದು ಬಹುತೇಕ ಮುಗಿಯಿತು. ಅನೇಕ ನೆಗಡಿ ಮಾತ್ರೆಗಳಲ್ಲಿಯೂ ಪ್ಯಾರಾಸಿಟಮಾಲ್ ಅಡಗಿರುವುದನ್ನು ಈ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು. ಮಕ್ಕಳಿಗಾದರೋ ಮೈತೂಕದ ಲೆಕ್ಕ.

ಕಾನೂನು ಈ ವಿಷಯದಲ್ಲಿ ಮೌನವಾಗಿಲ್ಲ. ಅಂಗಡಿಯಲ್ಲಿ ಆರೋಗ್ಯಪೂರಕವೆಂದು ಮಾರುವ ವಿಟಮಿನ್ ಡಬ್ಬಿಗಳು ಆಹಾರ ಸುರಕ್ಷತಾ ಕಾಯಿದೆಗೆ ಒಳಪಟ್ಟವು. 2016ರ ನಿಯಮಾವಳಿಯಂತೆ ಅವುಗಳ ಮೇಲೆ ‘ಔಷಧೋಪಯೋಗಕ್ಕಲ್ಲ’ ಎಂಬ ಅರ್ಥದ ಸೂಚನೆ ಇರಲೇಬೇಕು. ಮುಂಭಾಗದಲ್ಲಿ ಯಕೃತ್ತಿನ ಚಿತ್ರ ದೊಡ್ಡದಾಗಿದ್ದರೆ ಈ ಸಾಲು ಮೂಲೆಯಲ್ಲಿ ಸಣ್ಣ ಅಕ್ಷರಗಳಲ್ಲಿರಬಹುದು. ಅದೂ ಇಂಗ್ಲಿಷಿನಲ್ಲಿ ಇಲ್ಲವೇ ದೇವನಾಗರಿಯ ಹಿಂದಿಯಲ್ಲಿದ್ದರೆ ಸಾಕು. ಕನ್ನಡವಾಗಲಿ ನೆಲೆಸಿದ ರಾಜ್ಯದ ಭಾಷೆಯಾಗಲಿ ಕಡ್ಡಾಯವಲ್ಲ. ಅಜ್ಜಿಯ ಡಬ್ಬಿಯನ್ನು ಓದಿ ಹೇಳುವ ಕೆಲಸ ಗಡಿನಾಡಿನ ಮನೆಗಳಲ್ಲಿ ಶಾಲೆಗೆ ಹೋಗುವ ಮೊಮ್ಮಗಳದ್ದೇ.

ವಿಟಮಿನ್ ಎಂದ ಮಾತ್ರಕ್ಕೆ ನಿರಪಾಯವೆಂದೂ ಅಲ್ಲ. ಎ ವಿಟಮಿನ್ ಬಹುಕಾಲ ಅತಿಯಾದರೆ ಅದೇ ಯಕೃತ್ತನ್ನು ಕೆಡಿಸುತ್ತದೆ. ಔಷಧ ಸೇವಿಸುತ್ತಿರುವವರಿಗೆ ಹಸಿವು ಇಂಗಿ, ವಾಕರಿಕೆ ಬಂದು, ಮೂತ್ರ ಕಡುಬಣ್ಣಕ್ಕೆ ತಿರುಗಿ, ಕಣ್ಣು ಹಳದಿಯಾದರೆ ಅದೇ ದಿನ ವೈದ್ಯರನ್ನು ಕಾಣಬೇಕು. ಹೋಗುವಾಗ ಮನೆಯಲ್ಲಿರುವ ಎಲ್ಲ ಪೊಟ್ಟಣಗಳನ್ನೂ, ವಿಟಮಿನ್ ಡಬ್ಬಿಯನ್ನೂ ನಾಟಿ ಕಷಾಯದ ಪುಡಿಯನ್ನೂ ಸೇರಿಸಿ, ಒಯ್ಯಬೇಕು.