ಮಣಿಕೊಂಡದಲ್ಲಿ ತೆಗೆಯಲು ಏನಿದೆ ಸ್ವಾಮಿ?

ನಮ್ಮ ಸಂಘದ ಛಾಯಾಚಿತ್ರ ಪ್ರದರ್ಶನದಲ್ಲಿದ್ದ ನಿಸರ್ಗ ಚಿತ್ರಗಳನ್ನು ನೋಡಿ ಬಂದಮೇಲೆ ಅನ್ನಿಸಿದ್ದನ್ನು ಬರೆಯದೆ ಇರಲಾರೆ. ಕೆಲವರಿಗೆ ಕಹಿಯಾದೀತು, ಕ್ಷಮಿಸಬೇಕು. ಹಂಪಿಯ ಕಲ್ಲಿನ ರಥ, ರಥದ ಮುಂದೆ ಸಂಸಾರ. ಜೋಗದ ಜಲಪಾತ, ಅದರ ಮುಂದೆ ಅದೇ ಸಂಸಾರ. ಆಕಾಶವೋ ಒಗೆದ ಪಂಚೆಯಂತೆ ಬೆಳ್ಳಗೆ, ಇಲ್ಲವೇ ಫೋನಿನ ಫಿಲ್ಟರಿನ ದಯೆಯಿಂದ ಕುಂಕುಮದ ನೀರು ಚೆಲ್ಲಿದಂತೆ ಕೆಂಪಗೆ. ನಾವು ವರ್ಷದಲ್ಲಿ ಮುನ್ನೂರೈವತ್ತು ದಿನ ಬಾಳುವ ಮಣಿಕೊಂಡದ ಚಿತ್ರ ಒಂದೂ ಇರಲಿಲ್ಲ. ನಮ್ಮ ಅಪಾರ್ಟ್‌ಮೆಂಟಿನ ರಾಯರೊಬ್ಬರನ್ನು ಕೇಳಿದರೆ, "ಮಣಿಕೊಂಡದಲ್ಲಿ ತೆಗೆಯಲು ಏನಿದೆ ಸ್ವಾಮಿ? ಬರೀ ಬಂಡೆ, ಬಿಲ್ಡಿಂಗು" ಎಂದರು.

ಹಿತ್ತಲ ಗಿಡ ಮದ್ದಲ್ಲ ಎನ್ನುವುದು ಇದಕ್ಕೇ. ಖಾಜಾಗುಡ, ಪುಪ್ಪಾಲಗುಡದ ಕಡೆ ಉಳಿದಿರುವ ಈ ಬಂಡೆಗಳು ಸುಮಾರು 250 ಕೋಟಿ ವರ್ಷ ಹಳೆಯ ಗ್ರಾನೈಟು. ಇವು ನಿಂತಿರುವ ಪ್ರಾಚೀನ ಭೂಭಾಗಕ್ಕೆ ಭೂವಿಜ್ಞಾನಿಗಳು ಇಟ್ಟಿರುವ ಹೆಸರೇನು ಬಲ್ಲಿರಾ? ಧಾರವಾಡ ಕ್ರೇಟಾನ್! ಹಂಪಿಯ ಬಂಡೆಗಳೂ ಅದರ ಮೇಲೆಯೇ ಇವೆ. ರಜೆ ಹಾಕಿ, ರೈಲು ಹತ್ತಿ ಯಾವುದನ್ನು ನೋಡಲು ಹೋಗುತ್ತೇವೋ ಅದರ ದಾಯಾದಿ ನಮ್ಮ ಬಾಲ್ಕನಿಯ ಎದುರಿಗೇ ಕೂತಿದೆ.

"ತೆಗೆದೆ, ಚೆನ್ನಾಗಿ ಬರಲಿಲ್ಲ" ಎನ್ನುವವರೂ ಉಂಟು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಮಧ್ಯಾಹ್ನ ಹನ್ನೆರಡಕ್ಕೆ ರಸ್ತೆಯ ಬದಿ ನಿಂತು, ಫೋನು ಕಣ್ಣಿನ ಮಟ್ಟಕ್ಕೆ ಹಿಡಿದು, ವಿದ್ಯುತ್ ತಂತಿಯಿಂದ ನೀರಿನ ಟ್ಯಾಂಕರಿನವರೆಗೆ ಎಲ್ಲವನ್ನೂ ಚೌಕಟ್ಟಿನೊಳಗೆ ತುರುಕಿದರೆ ಯಾವ ಬಂಡೆ ತಾನೇ ಚೆನ್ನಾಗಿ ಬಂದೀತು? ಫೋನಿನ ಅಗಲ ಲೆನ್ಸಿಗೆ ದೂರದ್ದನ್ನು ಇನ್ನಷ್ಟು ಚಿಕ್ಕದು ಮಾಡುವ ಸ್ವಭಾವ. ಆದ್ದರಿಂದ ಹತ್ತಿರ ಹೋಗಬೇಕು, ಕೂರಬೇಕು, ಪಂಚೆಗೆ ಮಣ್ಣಾದರೂ ಸರಿ. ಮುಂದೆ ಒಂದು ಬಿರುಕು ಬಿಟ್ಟ ಕಲ್ಲು, ಹಿಂದೆ ಒಂದರ ಮೇಲೊಂದು ಕೂತ ಗುಂಡುಗಳು, ಅದರಾಚೆ ಗಾಜಿನ ಕಟ್ಟಡ. ಆ ಕಟ್ಟಡವನ್ನು ಮರೆಮಾಡಬೇಡಿ, ಇಲ್ಲಿನ ಸತ್ಯ ಅದೇ. ಚಿತ್ರದಲ್ಲಿ ಮನುಷ್ಯನಿದ್ದರೆ ಬಂಡೆಯ ಗಾತ್ರ ತಿಳಿಯಲೆಂದು ಇರಲಿ, ಹಾಜರಿ ಹಾಕಲೆಂದಲ್ಲ. ಮೂರನೇ ಒಂದು ಭಾಗದ ಸೂತ್ರವನ್ನು ಎಲ್ಲರೂ ಹೇಳುತ್ತಾರೆ. ನಡೆಯಲು ಕಲಿಯುವ ಮಗುವಿಗೆ ಗೋಡೆ ಇದ್ದಂತೆ ಅದು, ಅಷ್ಟೆ.

ಇನ್ನು ಎಕ್ಸ್‌ಪೋಷರ್. ನಮ್ಮ ಜನ ಎಡವುವುದು ಹೆಚ್ಚಾಗಿ ಇಲ್ಲಿ. ಕ್ಯಾಮೆರಾದ ಮೀಟರಿಗೆ ಬಂಡೆ ಯಾವುದು, ಬಾನು ಯಾವುದು ಎಂಬ ವಿವೇಕವಿಲ್ಲ. ಎದುರಿಗಿರುವುದೆಲ್ಲ ಸರಾಸರಿ ನಡುಬೂದು, ಬಿದ್ದ ಬೆಳಕಿನಲ್ಲಿ ನೂರಕ್ಕೆ ಸುಮಾರು 18 ಪಾಲು ಹಿಂದಕ್ಕೆ ಕೊಡುವಂಥದ್ದು ಎಂಬುದು ಅದರ ಮೂಲ ಲೆಕ್ಕ. ಚೌಕಟ್ಟಿನಲ್ಲಿ ಬಾನು ಹೆಚ್ಚಾದರೆ ಬಂಡೆ ಕಪ್ಪಾಗುತ್ತದೆ, ನೆರಳಿನ ಬಂಡೆ ತುಂಬಿದರೆ ಬಾನು ಸುಟ್ಟು ಬೆಳ್ಳಗಾಗುತ್ತದೆ. ನೆಗೆಟಿವ್ ಫಿಲ್ಮಿನ ಕಾಲದಲ್ಲಿ ನೆರಳನ್ನು ನೋಡಿ ಎಕ್ಸ್‌ಪೋಷರ್ ಕೊಡಿ ಎನ್ನುತ್ತಿದ್ದರು. ಡಿಜಿಟಲ್ಲಿನಲ್ಲಿ ಲೆಕ್ಕ ತಿರುವುಮುರುವು: ಕತ್ತಲಾದ ಭಾಗವನ್ನು ಆಮೇಲೆ ಒಂದಿಷ್ಟು ಎತ್ತಬಹುದು, ಸುಟ್ಟುಹೋದ ಬೆಳಕನ್ನು ಬ್ರಹ್ಮ ಬಂದರೂ ತರಲಾರ. ಫೋನಾದರೆ ಬೆಳ್ಳಗಿನ ಮೋಡದ ಮೇಲೆ ಬೆರಳನ್ನು ಒತ್ತಿ ಹಿಡಿಯಿರಿ, ಬೆಳಕು ಕಟ್ಟಿಕೊಂಡು ನಿಲ್ಲುತ್ತದೆ. ಸಾಲದಿದ್ದರೆ ಬೆರಳನ್ನು ಕೆಳಕ್ಕೆ ಜಾರಿಸಿ. ಕ್ಯಾಮೆರಾದಲ್ಲಿ ಒಂದು ಸ್ಟಾಪ್ ಕಡಿಮೆ ಮಾಡಿ ನೋಡಿ. ನಮ್ಮ ತಂದೆಯವರ ಆಗ್ಫಾ ಕ್ಲಿಕ್ಕಿನಲ್ಲಿ ಮೀಟರೇ ಇರಲಿಲ್ಲ. ರೋಲಿಗೆ 12 ಚಿತ್ರ ಮಾತ್ರ, ಹಾಗಾಗಿ ಅವರು ಒತ್ತುವ ಮೊದಲು ಸೂರ್ಯನನ್ನು ನೋಡುತ್ತಿದ್ದರು. ಬೆಳಗಿನ ಓರೆ ಬಿಸಿಲಲ್ಲಿ ಬಂಡೆಯ ಒಂದೊಂದು ಹರಳೂ ಎದ್ದು ಕಾಣುತ್ತದೆ. ನಡುಹಗಲಿನಲ್ಲಿ ಅದೇ ಬಂಡೆ ಸುಣ್ಣ ಬಳಿದ ಗೋಡೆ.

ಇಷ್ಟು ಸಣ್ಣ ವಿಷಯಕ್ಕೆ ಇಷ್ಟು ಸಿಟ್ಟೇಕೆ ಎನ್ನುತ್ತೀರಾ? 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೈನ್ಯಾಧಿಕಾರಿ ಮೇಣದ ಕಾಗದದ ನೆಗೆಟಿವ್‌ಗಳಲ್ಲಿ ಹಂಪಿಯನ್ನು ಸೆರೆಹಿಡಿದ. ಕಲ್ಲಿನ ರಥದ ಮೇಲೆ ಒಂದು ಕಾಲಕ್ಕೆ ಇಟ್ಟಿಗೆಯ ಗೋಪುರವಿತ್ತೆಂಬುದನ್ನು ಇಂದು ನಾವು ಕಣ್ಣಾರೆ ಕಾಣುವುದು ಅವನ ಚಿತ್ರದಲ್ಲಿ. 1980ರ ದಶಕದಲ್ಲಿ ಜಾನ್ ಗೋಲಿಂಗ್ಸ್ ಅವನು ನಿಂತ ಜಾಗಗಳಲ್ಲೇ ನಿಂತು ಮತ್ತೆ ಚಿತ್ರ ತೆಗೆದರು. ಏನು ಉಳಿಯಿತು, ಏನು ಹೋಯಿತು ಎಂಬುದು ತಾನಾಗಿ ತಿಳಿಯಿತು. ನಮ್ಮೂರಿನ ಬಂಡೆಗಳಿಗಾಗಿ ಸೊಸೈಟಿ ಟು ಸೇವ್ ರಾಕ್ಸ್‌ನವರು 1996ರಿಂದ ಹೋರಾಡುತ್ತಿದ್ದಾರೆ. 2025ರ ಏಪ್ರಿಲಿನಲ್ಲಿ ಪಕ್ಕದ ಕಂಚ ಗಚ್ಚಿಬೌಲಿಯಲ್ಲಿ ಬುಲ್ಡೋಜರು ನುಗ್ಗಿ, ಸುಪ್ರೀಂ ಕೋರ್ಟು ತಡೆ ಕೊಟ್ಟ ದಿನಗಳಲ್ಲಿ ಏನಾಯಿತು? ಕೃತಕ ಬುದ್ಧಿಮತ್ತೆಯಿಂದ ಹೊಸೆದ ಜಿಂಕೆ ನವಿಲುಗಳ ಚಿತ್ರಗಳು ಫೋನಿಂದ ಫೋನಿಗೆ ಹಾರಿದವು, ಪೊಲೀಸರ ನೋಟಿಸುಗಳೂ ಹೊರಟವು. ಸುಳ್ಳು ಚಿತ್ರವೊಂದು ಸಿಕ್ಕಿಬಿದ್ದರೆ ನಿಜವಾದ ಚಿತ್ರವನ್ನೂ ಜನ ಅನುಮಾನಿಸುತ್ತಾರೆ. ಫಿಲ್ಟರು ಹಾಕಿ ಬಾನನ್ನು ಕೆಂಪಗೆ ಮಾಡುವವರು ಈ ಮಾತನ್ನು ಸ್ವಲ್ಪ ಯೋಚಿಸಲಿ.

ನಮ್ಮ ಬಾಲ್ಕನಿಯಿಂದ ಒಂದು ಜೋಡಿಗುಂಡು ಕಾಣುತ್ತಿತ್ತು. ಮಗಳು ಅದನ್ನು ಅಜ್ಜ ಅಜ್ಜಿ ಎಂದು ಕರೆಯುತ್ತಿದ್ದಳು. ಒಂದು ಬೇಸಿಗೆಯಲ್ಲಿ, ನಾವು ಊರಿಗೆ ಹೋಗಿದ್ದಾಗ, ಸಿಡಿಮದ್ದಿಟ್ಟು ಒಡೆದುಬಿಟ್ಟರು. ಆಲ್ಬಮ್ ಹುಡುಕಿದರೆ ಸಿಕ್ಕಿದ್ದು ಒಂದೇ ಚಿತ್ರ: ಮುಂದೆ ಹುಟ್ಟುಹಬ್ಬದ ಟೋಪಿಯಲ್ಲಿ ಮಗಳು, ಹಿಂದೆ ಅಜ್ಜ ಅಜ್ಜಿ ಇರಬೇಕಾದಲ್ಲಿ ಸುಟ್ಟ ಬಿಳುಪು. ತೆಗೆದವನು ನಾನೇ.

ಮುಂದಿನ ಪ್ರದರ್ಶನದಲ್ಲಿ ಮಣಿಕೊಂಡದ ಬಂಡೆಗಳಿಗೆ ಒಂದು ಗೋಡೆ ಬಿಡಬೇಕೆಂದು ಸಂಘದ ಕಾರ್ಯಕಾರಿ ಸಮಿತಿಗೆ ಪತ್ರ ಕೊಟ್ಟಿದ್ದೇನೆ. ಫಿಲ್ಟರು ಬೇಡ, ಚಿತ್ರದ ಹಿಂದೆ ತಾರೀಖು, ನಿಂತ ಜಾಗ, ಎರಡನ್ನೂ ಬರೆದಿರಬೇಕು. ಭಾನುವಾರ ಬೆಳಗ್ಗೆ ಆರಕ್ಕೆ ನಾನು ಖಾಜಾಗುಡದ ಗುಡ್ಡದ ಬುಡದಲ್ಲಿರುತ್ತೇನೆ. ರಾಯರು ಬರುವುದಾದರೆ ಟ್ರೈಪಾಡು ನಾನೇ ಹೊರುತ್ತೇನೆ.