ಮಲಗಿದ್ದಲ್ಲೇ ಹುಟ್ಟಿದ ಹಾಡು

ಮನೆಮಂದಿಯೆಲ್ಲ ಓಡಾಡುತ್ತಿರುವಾಗ ತಾನೊಬ್ಬಳೇ ಮಲಗಿರಬೇಕಾಗಿ ಬಂದರೆ ಹೆಂಗಸಿನ ಮನಸ್ಸು ಎಷ್ಟು ಮುದುಡುತ್ತದೆ ಎಂಬುದು ನಿಮಗೆ ಗೊತ್ತೇ ಇದೆ. ಇಂಗ್ಲೆಂಡಿನ ಷಾರ್ಲೆಟ್ ಎಲಿಯಟ್ ಅವರ ಕಥೆಯೂ ಇದೇ.

1789ರಲ್ಲಿ ಹುಟ್ಟಿದ ಷಾರ್ಲೆಟ್‌ಗೆ ಮೂವತ್ತರ ಸುಮಾರಿಗೆ ಆರೋಗ್ಯ ಕೆಟ್ಟಿತು. ಮತ್ತೆ ಪೂರ್ತಿ ಸುಧಾರಿಸಲೇ ಇಲ್ಲ. ತಮ್ಮ ಹೆನ್ರಿ ಬ್ರೈಟನ್ ಊರಿನಲ್ಲಿ ಪಾದ್ರಿ. ಬಡ ಪಾದ್ರಿಗಳ ಹೆಣ್ಣುಮಕ್ಕಳಿಗೆಂದು ಅವರು ಶಾಲೆ ಕಟ್ಟಲು ಹೊರಟಾಗ, ಹಣ ಕೂಡಿಸಲು ಒಂದು ಮಾರಾಟದ ಮೇಳ ನಡೆಯಿತು. ಮನೆಯವರೆಲ್ಲ ಅಲ್ಲಿಗೆ ಹೋದರು. ಷಾರ್ಲೆಟ್ ಮಾತ್ರ ಮನೆಯಲ್ಲಿ. ಹಿಂದಿನ ರಾತ್ರಿಯೆಲ್ಲ ನಿದ್ದೆಯಿಲ್ಲ. ನನ್ನಿಂದ ಯಾರಿಗೆ ಏನು ಪ್ರಯೋಜನ ಎಂಬ ಕೊರಗು.

ಆ ಕೊರಗಿಗೆ ಉತ್ತರವೆಂಬಂತೆ ಆಕೆ ಲೇಖನಿ ಹಿಡಿದರು. ಯೋಗ್ಯತೆ ಗಳಿಸಿದ ಮೇಲೆಯೇ ದೇವರ ಬಳಿ ಹೋಗಬೇಕೆಂದಿಲ್ಲ, ಕುಂದುಕೊರತೆಗಳ ಸಮೇತ ಹೋಗಬಹುದು ಎಂಬುದೇ ಹಾಡಿನ ತಿರುಳು. ಮೇಳದ ಸುದ್ದಿ ಹೇಳಲು ಬಂದ ತಮ್ಮನ ಹೆಂಡತಿ ಅದನ್ನೋದಿ, ತನಗೊಂದು ಪ್ರತಿ ಬೇಕೆಂದು ಕೇಳಿದರಂತೆ. 'ಜಸ್ಟ್ ಆ್ಯಸ್ ಐ ಆ್ಯಮ್' ಎಂದು ಲೋಕವೆಲ್ಲ ಹಾಡುವ ಗೀತೆ ಅದೇ.

ತನ್ನ ಇಡೀ ಜೀವಮಾನದ ಸೇವೆಗಿಂತ ಅಕ್ಕನ ಈ ಒಂದು ಹಾಡೇ ಹೆಚ್ಚು ಫಲ ಕೊಟ್ಟಿತೆಂದು ಹೆನ್ರಿ ಹೇಳುತ್ತಿದ್ದರು. 1871ರಲ್ಲಿ, 82ರ ವಯಸ್ಸಿನಲ್ಲಿ ಷಾರ್ಲೆಟ್ ತೀರಿಕೊಂಡಾಗ, ಈ ಹಾಡಿಗಾಗಿ ಕೃತಜ್ಞತೆ ಹೇಳಿದ ಸಾವಿರಕ್ಕೂ ಹೆಚ್ಚು ಕಾಗದಗಳು ಸಿಕ್ಕವು.

ನಿಮ್ಮ ಮನೆಯಲ್ಲೂ ಹಾಸಿಗೆ ಹಿಡಿದ ಅತ್ತೆಯೋ ಚಿಕ್ಕಮ್ಮನೋ ಇರಬಹುದು. "ನೀವು ಸುಮ್ನೆ ಮಲಗಿರಿ" ಅನ್ನಬೇಡಿ. "ಸ್ವಲ್ಪ ಸೊಪ್ಪು ಬಿಡಿಸಿಕೊಡ್ತೀರಾ?" ಎಂದು ಕೇಳಿ ನೋಡಿ. ಆ ಮುಖ ಹೇಗೆ ಅರಳುತ್ತದೆ, ನೀವೇ ಕಾಣುವಿರಿ.